ರವಿಕೆ ಹೊಲಿಯುವಾಕೆಯ ಕಣ್ಣು

“ಗುರುಗಳೇ, ನನ್ನ ಮಾತಿನಿಂದ ಒಬ್ಬ ಗೆಳೆಯ ನೊಂದಿದ್ದಾನೆ. ಅವನ ಎದುರಿಗೆ ಹೋಗಲು ಅಂಜಿಕೆ. ಸಮಾಧಾನ ಹೇಳಲು ಬೇರೆ ಯಾರನ್ನಾದರೂ ಕಳಿಸಿದರೆ ಸಾಲದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಕಣ್ಣಿನ ವೈದ್ಯನಿದ್ದ. ರವಿಕೆ ಹೊಲಿದು ಬದುಕುವ ಮುದುಕಿಯೊಬ್ಬಳ ಕಣ್ಣಿನ ಪೊರೆ ತೆಗೆಯುವಾಗ ಅವನ ಕೈ ಒಂದಿಷ್ಟು ಜಾರಿತು. ಪೊರೆ ಹೋಯಿತು, ಹೊಸ ಮಸೂರವೂ ಕೂತಿತು. ಆದರೆ ಬೆಳಕನ್ನು ಅಳೆದು ಒಳಗೆ ಬಿಡುವ ಕಂದು ಪರದೆ ಒಂದು ಕಡೆ ಹರಿಯಿತು. ವೈದ್ಯ ಅದನ್ನು ಯಾರಿಗೂ ಹೇಳಲಿಲ್ಲ.

ಮುದುಕಿಗೆ ಕಾಣಿಸುತ್ತಿತ್ತು, ಆದರೆ ನೋಡಲಾಗುತ್ತಿರಲಿಲ್ಲ. ಹಗಲೆಲ್ಲ ಮುಖದ ಮೇಲೆ ಸೆರಗು. ಸೂಜಿ ಹಿಡಿದರೆ ಸೂಜಿಯ ಹೊಳಪೇ ಕಣ್ಣು ಕುಕ್ಕುತ್ತಿತ್ತು. ಹೊಲಿಗೆ ನಿಂತಿತು. ಅವಳು ಮತ್ತೆ ಬಂದಾಗ ವೈದ್ಯ ಪಟ್ಟಣದ ಹಿರಿಯ ವೈದ್ಯೆಯೊಬ್ಬರಿಗೆ ಚೀಟಿ ಬರೆದುಕೊಟ್ಟ. ‘ಕಣ್ಣಿಗೆ ಬೆಳಕು ತಡೆಯಲಾಗದು’ ಎಂದಷ್ಟೇ ಅದರಲ್ಲಿತ್ತು.

ಮುದುಕಿ ಏಳಲಿಲ್ಲ.

“ಹೋಗಮ್ಮಾ. ಅವರ ಕೈ ನನ್ನ ಕೈಗಿಂತ ಚೆನ್ನಾಗಿದೆ.”

“ಇರಲಿ ಡಾಕ್ಟ್ರೇ. ನಾನು ಕೆಡಿಸಿದ ರವಿಕೇನ ನಾನೂ ಕೆಲವು ಸಲ ನನಗಿಂತ ಚೆನ್ನಾಗಿ ಹೊಲಿಯೋಳ ಹತ್ರ ಕಳಿಸ್ತೀನಿ. ಆದ್ರೆ ಕತ್ತರಿ ಎಲ್ಲಿ ತಪ್ಪಿತು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕಳಿಸ್ತೀನಿ. ಇಲ್ದಿದ್ರೆ ಅವಳು ಚೆನ್ನಾಗಿರೋ ಹೊಲಿಗೇನೂ ಬಿಚ್ಚಿಬಿಡ್ತಾಳೆ.”

ವೈದ್ಯ ತಲೆ ತಗ್ಗಿಸಿದ. “ಅಮ್ಮಾ, ಹರಿದದ್ದು ನನ್ನ ಕೈಯಿಂದ.”

“ಗೊತ್ತು. ಆವತ್ತು ಪೊರೆ ತೆಗೆಯೋವಾಗ ನನ್ನ ಮುಖದ ಮೇಲೆ ಬಟ್ಟೆ ಇದ್ರೇನು, ನೀವು ಉಸಿರು ಬಿಗಿಹಿಡಿದದ್ದು ಕೇಳಿಸ್ತು. ಪಾಪ, ನಿಮಗೂ ಹೆದರಿಕೆ ಆಯ್ತಲ್ಲ ಅಂದುಕೊಂಡೆ.”

ಮರುದಿನ ವೈದ್ಯ ತನ್ನ ಆಸ್ಪತ್ರೆಯ ಬಾಗಿಲು ಹಾಕಿ ಅವಳ ಜೊತೆಗೇ ಪಟ್ಟಣಕ್ಕೆ ಹೋದ. ಶಸ್ತ್ರಕ್ರಿಯೆಯ ಹೊತ್ತಿಗೆ ಪಕ್ಕದಲ್ಲಿ ನಿಂತು, ಇಲ್ಲಿ ಜಾರಿತು, ಇಷ್ಟು ಹರಿಯಿತು, ಹೀಗೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದ. ಹಿರಿಯ ವೈದ್ಯೆ ಅಲ್ಲಿಗೆ ಮಾತ್ರ, ಕೂದಲಿಗಿಂತ ಸಣ್ಣ ದಾರದಲ್ಲಿ, ಹೊಲಿಗೆ ಹಾಕಿದರು.

ಪಟ್ಟಿ ಬಿಚ್ಚಿದಾಗ ಕಿಟಕಿ ತೆರೆದಿತ್ತು. ಮುದುಕಿ ಸೆರಗು ಎಳೆದುಕೊಳ್ಳಲಿಲ್ಲ. ಕಿಟಕಿಯನ್ನು ನೋಡಿದಳು. ಆಮೇಲೆ ವೈದ್ಯನನ್ನು ನೋಡಿದಳು.

“ಡಾಕ್ಟ್ರೇ, ನಿಮ್ಮ ಅಂಗಿಯ ಎರಡನೇ ಗುಂಡಿ ಹೋಗಿದೆ. ಬಿಚ್ಚಿ ಕೊಡಿ, ಹಾಕಿಕೊಡ್ತೀನಿ.”

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಹೊಲಿದವರು ಆ ಹಿರಿಯ ವೈದ್ಯೆ. ಹಾಗಾದರೆ ಇವನು ಮಾಡಿದ್ದೇನು?”

“ಹರಿದ ಜಾಗ ತೋರಿಸಿದ. ಗೆಳೆಯನ ಬಳಿಗೆ ನೀನು ಕಳಿಸುವವನಿಗೆ ಎಲ್ಲಿ ಹರಿದಿದೆ ಎಂದು ಗೊತ್ತಿದೆಯೇ?”