ಉಸಿರುಗಟ್ಟಿದ ಕಂಪ್ಯೂಟರೂ ಹಂಡೆ ಒಲೆಯ ದುಗ್ಗನೂ

"ಕೇಳ್ರಪ್ಪೋ ಕೇಳಿ! ಹೊಂಗೆನಾಡಿನ ದೊರೆ ಮಾರಭೂಪನ ಅಪ್ಪಣೆ! ರಾಜಕುಮಾರಿ ಪದ್ಮಲೆಯ ಆಟದ ಕಂಪ್ಯೂಟರು ನಡು ಆಟದಲ್ಲಿ ಪ್ರಾಣ ಬಿಡುತ್ತಿದೆ. ಅದರ ಬಗ್ಗೆ ಮೂರು ಒಗಟು. ಒಡೆದವನಿಗೆ ರಾಜಕುಮಾರಿ, ಅರ್ಧ ರಾಜ್ಯ. ಸೋತವನ ತಲೆ ಅಮಾವಾಸ್ಯೆಗೆ ಹೋಗುತ್ತದೆ. ಅಷ್ಟರೊಳಗೆ ಮೂರೂ ಒಗಟು ಒಡೆದರೆ ಸೋತವರೆಲ್ಲರ ತಲೆ ಉಳಿಯುತ್ತದೆ!"

ಡಂಗುರ ಕೇಳಿ ಮೊದಲು ಓಡಿದವನು ನಾನು, ದಳವಾಯಿಯ ಮಗ ಸೋಮರಸ. ಪದ್ಮಲೆ ಬೇರೆ ಯಾರನ್ನಾದರೂ ನೋಡಿ ನಕ್ಕರೆ ನನಗೆ ಅಂದು ಅನ್ನ ಸೇರುತ್ತಿರಲಿಲ್ಲ. ನಮ್ಮ ಸೀಮೆಯ ದೊರೆಗಳು ಕತ್ತಿ ಬಿಟ್ಟು ಬಹಳ ಕಾಲವಾಗಿತ್ತು. ಗಡಿ ಜಗಳವೆಲ್ಲ ಕಂಪ್ಯೂಟರಿನ ಕಾಳಗದಲ್ಲೇ ತೀರುತ್ತಿತ್ತು. ನಮ್ಮ ಪರವಾಗಿ ಆಡುವವಳು ಪದ್ಮಲೆ. ಯಂತ್ರ ಕೈಕೊಟ್ಟು ಆಗಲೇ ಒಂದು ಕೋಟೆ ನೆರೆಯವರ ಪಾಲಾಗಿತ್ತು.

ಸಭೆಯಲ್ಲಿ ಜರಿ ಶಾಲು ಹೊದ್ದು ಕೂತ ಯಂತ್ರದ ಪಕ್ಕ ನಿಂತು ಅವಳು ಮೊದಲ ಒಗಟು ಹಾಕಿದಳು. "ಓಲೆ ಬರೆಯಲು ಕೂತರೆ ಇದು ಇಡೀ ದಿನ ಗಟ್ಟಿಮುಟ್ಟು. ಕಾಳಗಕ್ಕಿಳಿದ ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಸುಮ್ಮನೆ ಬಿಟ್ಟರೆ ತಾನೇ ಎದ್ದು ಕೂರುತ್ತದೆ. ಕೊಲ್ಲುವವರು ಯಾರು?"

"ವೈರಸ್! ನೆರೆರಾಜ ಕಳಿಸಿದ್ದು," ಎಂದೆ.

"ವೈರಸ್ ಓಲೆ ಬರೆಯುವಾಗ ನಿದ್ದೆ ಮಾಡುತ್ತದೆಯೇ?" ಎಂದಳು. ಸಭೆ ನಕ್ಕಿತು. ನನ್ನನ್ನು ಸಭೆಯ ಮೂಲೆಯ ಸರಳಿನ ಕೋಣೆಗೆ ತಳ್ಳಿದರು. ಹಿಂದೆಯೇ ಬಂದ ಪ್ರಧಾನಿಯ ಮಗ ಕೇತಪ್ಪ "ಆಟವೇ ಕೆಟ್ಟಿದೆ, ಅಳಿಸಿ ಮತ್ತೆ ಹಾಕಿಸಿ" ಎಂದ. ಅಳಿಸಿ ಹಾಕಿಸಿದರು, ಯಂತ್ರ ಮತ್ತೆ ಸತ್ತಿತು, ಅವನೂ ನನ್ನ ಪಕ್ಕಕ್ಕೆ ಬಂದ. ಅವನು ಸೋತದ್ದಕ್ಕೆ ನನಗೆ ಎಷ್ಟು ಖುಷಿಯಾಯಿತೆಂದರೆ ತಲೆ ಹೋಗುವ ಚಿಂತೆಯೇ ಸ್ವಲ್ಪ ಹೊತ್ತು ಮರೆತುಹೋಯಿತು. ಆಮೇಲೆ ಇನ್ನೂ ಹಲವರು ಬಂದು ಕೋಣೆ ತುಂಬಿದರು.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅರಮನೆಯ ಬಚ್ಚಲಲ್ಲಿ ಹಂಡೆಗೆ ಉರಿ ಹಾಕುವ ದುಗ್ಗ ಬಂದು ನಿಂತ. ಮೊಣಕೈವರೆಗೂ ಬೂದಿ.

"ರಾಜಕುಮಾರಿಯ ಆಸೆಯೇನೋ ನಿನಗೆ?" ಎಂದ ದೊರೆ.

"ಇಲ್ಲ ಬುದ್ಧೀ. ಇಷ್ಟು ಜನರ ತಲೆ ಹೋಯ್ತದಲ್ಲ ಅಂತ ಬಂದೆ."

ನನ್ನ ಮೈ ಉರಿದುಹೋಯಿತು. ಇವನು ಗೆದ್ದರೆ ನನ್ನ ತಲೆ ಉಳಿಯುತ್ತದೆ, ಪದ್ಮಲೆ ಇವನ ಪಾಲಾಗುತ್ತಾಳೆ. ಸೋತರೆ ಸಂಜೆಗೆ ನಾನಿಲ್ಲ. ಯಾವುದಕ್ಕೆ ಹರಕೆ ಹೊರಬೇಕೆಂದು ತಿಳಿಯದೆ ಎರಡಕ್ಕೂ ಹೊತ್ತೆ.

ಮೊದಲ ಒಗಟಿಗೆ ದುಗ್ಗ ಯಂತ್ರದ ಬೆನ್ನ ಮೇಲೆ ಕೈ ಇಟ್ಟು, "ಒಸಿ ಆಟ ಆಡಿ ತಾಯಿ" ಎಂದ. ಅವಳು ಆಡಿದಳು. ಯಂತ್ರ ಸಾಯುವ ಮೊದಲೇ ಅವನು ಕೈ ಎಳೆದುಕೊಂಡ. "ಬಿಸಿ ಕಣವ್ವಾ. ಓಲೆ ಬರೆಯೋದು ಸಣ್ಣ ಉರಿ, ಕಾಳಗ ದೊಡ್ಡ ಉರಿ. ಮೈ ಸುಡ್ತು ಅಂದ್ರೆ ಪೂರ್ತಿ ಸುಟ್ಟುಹೋಗದಂಗೆ ತಾನೇ ಮಲಗ್ತದೆ. ತಣ್ಣಗಾದ್ರೆ ಏಳ್ತದೆ."

"ಸರಿ," ಎಂದಳು ಪದ್ಮಲೆ, ತಂದೆಯ ಕಡೆ ಓರೆಗಣ್ಣಲ್ಲಿ ನೋಡುತ್ತ. "ಎರಡನೆಯದು. ಉಸಿರಾಡಲು ಇದಕ್ಕೆ ಮೂರು ಫ್ಯಾನು. ಮೂರೂ ತಿರುಗುತ್ತಿವೆ. ಆದರೂ ಉಸಿರು ಕಟ್ಟುತ್ತಿದೆ. ಕಟ್ಟಿದವರು ಶತ್ರುಗಳಲ್ಲ. ಯಾರು?"

ದುಗ್ಗ ಶಾಲು ಸರಿಸಿದ. ಫ್ಯಾನಿನ ಜಾಲರಿಯ ತುಂಬ ಅರಿಶಿನ, ಕುಂಕುಮ, ಸಾಂಬ್ರಾಣಿಯ ಮಸಿ, ಬಾಡಿದ ಹೂವಿನ ಎಸಳು. ದುಗ್ಗ ಒಮ್ಮೆ ದೊರೆಯ ಕಡೆ ನೋಡಿದ. ಉತ್ತರ ಎಲ್ಲರಿಗೂ ಗೊತ್ತಾಗಿತ್ತು, ಹೇಳುವ ಗಂಡಸು ಬೇಕಿತ್ತು.

"ತಪ್ಪು ತಿಳ್ಕೋಬೇಡಿ ಬುದ್ಧೀ," ಎಂದ ಕೈ ಮುಗಿದು. "ಕಟ್ಟಿದವರು ತಾವೇಯ."

ದೊರೆ ಸಿಂಹಾಸನದಿಂದ ಎದ್ದುಬಿಟ್ಟ. "ನಾನು ಶುಕ್ರವಾರ ಶುಕ್ರವಾರ ಪೂಜೆ ಮಾಡಿದವನು! ನೆರೆಯವರ ಕೆಟ್ಟ ಕಣ್ಣು ಬೀಳಬಾರದು ಅಂತ ಶಾಲು ಹೊದಿಸಿದವನು!"

"ಹೌದು ಬುದ್ಧೀ. ಕಣ್ಣು ಬೀಳಲಿಲ್ಲ. ಗಾಳಿಯೂ ಹೋಗಲಿಲ್ಲ."

"ಅಪ್ಪಾಜಿ, ನನಗೆ ಹೇಳಿ ಹೇಳಿ ಸಾಕಾಗಿತ್ತು," ಎಂದು ಪದ್ಮಲೆ ಗಟ್ಟಿಯಾಗಿ ನಕ್ಕಳು. ಆ ನಗುವಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಅದು ಬೂದಿ ಮೆತ್ತಿದ ಇವನಿಗೆ ಸಿಕ್ಕಿತು. ದೊರೆ ಬೆವರು ಒರೆಸಿಕೊಂಡು ಕೂತ. ಕುಂಚದಿಂದ ಧೂಳು ತೆಗೆಸಿದರು, ಶಾಲು ಮಡಚಿಟ್ಟರು. ಯಂತ್ರ ಮೊದಲಿಗಿಂತ ಹೆಚ್ಚು ಹೊತ್ತು ಆಡಿ ಮತ್ತೆ ಸತ್ತಿತು.

"ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ," ಎಂದು ಪದ್ಮಲೆ ಅದರ ಪಕ್ಕೆ ಬಿಚ್ಚಿದಳು. "ಒಳಗೆ ಇಬ್ಬರು ಅಂಟಿಕೊಂಡು ಕೂತಿದ್ದಾರೆ. ಕೆಳಗಿನವನು ಲೆಕ್ಕ ಹಾಕುವ ಚಿಪ್, ಮೈ ಕೆಂಡ. ಮೇಲಿನವನು ಅವನ ಬಿಸಿ ಹೀರಬೇಕಾದ ಲೋಹದ ಗಟ್ಟಿ, ಮೈ ತಣ್ಣಗೆ. ಇವರ ನಡುವೆ ಏನು ಕೆಟ್ಟಿದೆ?"

ದುಗ್ಗ ಮುಟ್ಟಿದ, ಬಗ್ಗಿ ನೋಡಿದ, ತಲೆ ಕೆರೆದುಕೊಂಡ. ಹೊತ್ತು ಇಳಿಯುತ್ತಿತ್ತು. ಹೊರಗೆ ಕೊಡಲಿ ಮಸೆಯುವ ಸದ್ದು. ಕೇತಪ್ಪ ಅಳತೊಡಗಿದ.

ನನಗೆ ಗೊತ್ತಿತ್ತು. ಹಿಂದಿನ ಬೇಸಿಗೆಯಲ್ಲಿ ನಮ್ಮ ಮನೆಯ ಯಂತ್ರಕ್ಕೂ ಹೀಗೇ ಆಗಿತ್ತು. ಆದರೂ ತುಟಿ ಬಿಚ್ಚಲಿಲ್ಲ. ಇವರಿಬ್ಬರ ಮದುವೆ ನೋಡುವುದಕ್ಕಿಂತ ತಲೆ ಹೋಗುವುದೇ ವಾಸಿ ಎನಿಸಿತ್ತು. ಅಷ್ಟರಲ್ಲಿ ಪದ್ಮಲೆ ಅವನ ಕಡೆ ಬಗ್ಗಿ ಮೆಲ್ಲಗೆ, "ನಿಧಾನವಾಗಿ ಯೋಚಿಸು, ನಿನಗೆ ಹೊಳೆಯುತ್ತದೆ," ಎಂದಳು.

ಹೊಳೆದುಬಿಟ್ಟರೆ? ಇದೂ ಅವನ ಹೆಸರಿಗೇ ಹೋದರೆ? ನನ್ನಿಂದ ತಡೆಯಲಾಗಲಿಲ್ಲ.

"ಪೇಸ್ಟ್ ಒಣಗಿದೆ!" ಎಂದು ಸರಳು ಹಿಡಿದು ಕಿರುಚಿದೆ. "ಬಿಸಿ ದಾಟಿಸಲು ಇಬ್ಬರ ನಡುವೆ ಹಚ್ಚಿದ ಪೇಸ್ಟ್ ಪುಡಿಯಾಗಿದೆ! ಬಿಸಿಗೆ ದಾರಿ ಇಲ್ಲ! ಕೆರೆದು ಹೊಸದು ಹಚ್ಚಿ!"

ಗಟ್ಟಿಯನ್ನು ಎತ್ತಿದರೆ ಹೌದು, ಬೂದು ಪುಡಿ ಉದುರಿತು. ನಮ್ಮ ಮನೆಯಿಂದಲೇ ಪೇಸ್ಟ್ ತರಿಸಿ, ಕಡಲೆಕಾಳಿನಷ್ಟು ಹಚ್ಚಿದರು. ಪದ್ಮಲೆ ಆ ಸಂಜೆ ನಿಲ್ಲಿಸದೆ ಆಡಿ ಕಳೆದುಕೊಂಡಿದ್ದ ಕೋಟೆಯನ್ನು ಮರಳಿ ಗೆದ್ದಳು. ಯಂತ್ರ ಕೆಮ್ಮಲೂ ಇಲ್ಲ.

ಕೋಣೆಯ ಬಾಗಿಲು ತೆರೆಯಿತು. ದೊರೆ ತಲೆ ಕೆರೆದುಕೊಂಡ. "ಗೆದ್ದವರು ಯಾರೆನ್ನೋಣ?"

"ಮೂರನೇದು ಅವರದು ಬುದ್ಧೀ," ಎಂದ ದುಗ್ಗ. "ನನಗೆ ಹೊಳೆದಿರಲಿಲ್ಲ. ಏನು ಕೊಡೋದಿದ್ರೂ ಅವರಿಗೂ ಕೊಡಿ."

ಪದ್ಮಲೆ ನನ್ನನ್ನು ನೋಡಿದಳು, ಅವನನ್ನು ನೋಡಿದಳು. "ಪೇಸ್ಟ್ ವಿಷಯ ಬಲ್ಲವರು ಸಿಗುತ್ತಾರೆ, ಅಪ್ಪಾಜಿ. ನಿಮ್ಮ ಮುಖಕ್ಕೇ ನಿಜ ಹೇಳಿದವನು ಇವನೊಬ್ಬ. ನನಗೆ ಇವನು ಸಾಕು."

ಮದುವೆಯಾಯಿತು. ದುಗ್ಗನಿಗೆ ಅರ್ಧ ರಾಜ್ಯ. ನನಗೆ ನನ್ನ ತಲೆ, ಜೊತೆಗೆ ಯಂತ್ರ ಕಾಯುವ ಕೆಲಸ. ಶುಕ್ರವಾರ ಬಂತೆಂದರೆ ಕುಂಚ ಹಿಡಿದು ಹೋಗಿ ಫ್ಯಾನಿನ ಧೂಳು ತೆಗೆಯುತ್ತೇನೆ. ಅವರಿಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಕೂತು ಆಡುತ್ತಿರುತ್ತಾರೆ. ಅವನಿಗೆ ಆಟ ಬರುವುದಿಲ್ಲ, ಸೋಲುತ್ತಾನೆ, ಅವಳು ನಗುತ್ತಾಳೆ. ನಾನು ಒಳಗೆ ಬಂದ ಕೂಡಲೇ ದುಗ್ಗ ಎದ್ದು ನಿಂತು, "ಬನ್ನಿ ಸ್ವಾಮೀ, ಊಟ ಆಯ್ತಾ?" ಎನ್ನುತ್ತಾನೆ. ಅವನು ಒಂದೇ ಒಂದು ಸಲ ದೊರೆಯ ಅಳಿಯನ ಗತ್ತು ತೋರಿಸಿದ್ದರೆ ನನಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು.