ಆರೂವರೆ ಬಸ್ಸೂ ದೇವರ ಎಡೆಯೂ

ಹಾಲುಗಲ್ಲು ಮಠ ಅಂದ್ರೆ ಗೋಪುರ, ಕಲ್ಲಿನ ಮಂಟಪ ಅಂತೆಲ್ಲ ಅಂದ್ಕೋಬೇಡಿ ಮತ್ತೆ! ಒಂದು ಹೆಂಚಿನ ಮನೆ, ಒಳಗೆ ಹಿರಿಯ ಗುರುಗಳ ಗದ್ದುಗೆ, ಹಿಂದ್ಗಡೆ ಶೀಟು ಹೊದಿಸಿದ ಹಾಸ್ಟೆಲ್ಲು, ಅಷ್ಟೇ. ಓದೋ ಬಡ ಮಕ್ಕಳಿಗೆ ಅಲ್ಲಿ ಊಟ, ಜಾಗ ಎಲ್ಲಾ ಪುಕ್ಕಟೆ. ಪೂಜ್ಯ ಮುದ್ದುವೀರ ಸ್ವಾಮಿಗಳು ಜಗಲಿ ಮೇಲೆ ಕೂತು ಮಕ್ಕಳ ಜೊತೆ ಅವರೆಕಾಯಿ ಸುಲೀತಾ ಇರೋರು. ಹೊಸಬ್ರು ಯಾರಾದ್ರೂ ಬಂದು "ಸ್ವಾಮಿಗಳು ಎಲ್ಲವ್ರೆ?" ಅಂತ ಅವ್ರನ್ನೇ ಕೇಳೋರು! "ಇಲ್ಲೇ ಎಲ್ಲೋ ಇರ್ಬೇಕು, ಕೂತ್ಕಳಿ, ಒಂದೆರಡು ಕಾಯಿ ಸುಲೀರಿ" ಅನ್ನೋರು. ಊರೋರೆಲ್ಲ ಅವ್ರನ್ನ ಬುದ್ಧಿಯೋರು ಅಂತ್ಲೇ ಕರೆಯೋದು.

ಮಠದಲ್ಲಿ ಪೂಜೆ, ಅಡುಗೆ ಎರಡೂ ಗುರುಪಾದಪ್ಪನವ್ರದ್ದು. ಒಳ್ಳೇ ಮನುಷ್ಯ, ಆದ್ರೆ ಮಡಿ ಅಂದ್ರೆ ಮಡಿ! ಕಿಟಕಿಯಿಂದ ಎಳೆಬಿಸಿಲು ಬಂದು ಗದ್ದುಗೆ ಮೇಲೆ ಬೀಳ್ಬೇಕು, ಆಮೇಲೇ ಪೂಜೆ. ಪೂಜೆ ಆಗಿ ಎಡೆ ಇಟ್ಮೇಲೇ ಮಿಕ್ಕೋರ ಬಾಯಿಗೆ ತುತ್ತು. ಅವ್ರ ತಾತನ ಕಾಲದಿಂದ ನಡ್ಕೊಂಡು ಬಂದಿದ್ದು. ಎಡೆಗೆ ಮುಂಚೆ ಯಾರಾದ್ರೂ ಒಂದು ಕಡ್ಲೆಬೀಜ ಬಾಯಿಗೆ ಹಾಕ್ಕೊಂಡ್ರೂ ಸೌಟು ಹಿಡ್ಕೊಂಡು ಅಟ್ಟಿಸ್ಕೊಂಡು ಬರೋರು!

ಈಗ ನಂಜಮಣಿ ವಿಷಯಕ್ಕೆ ಬರ್ತೀನಿ. ಇಟ್ಟಿಗೆ ಗೂಡಲ್ಲಿ ಮಣ್ಣು ತುಳಿಯೋ ರಾಚಯ್ಯನ ಮಗಳು. ಅವ್ರ ವಂಶದಲ್ಲೇ ಕಾಲೇಜು ಮೆಟ್ಲು ಹತ್ತಿದೋಳು ಅವಳೊಬ್ಳೇ. ಬಿಎಸ್ಸಿ ಓದ್ತಿದ್ಲು, ಮಠದಲ್ಲಿದ್ಕೊಂಡು. ಕಾಲೇಜಿರೋದು ಪೇಟೇಲಿ, ಪೇಟೆ ಬಸ್ಸು ಆರೂವರೆಗೆ. ಗದ್ದುಗೆ ಮೇಲೆ ಬಿಸಿಲು ಬೀಳೋ ಹೊತ್ಗೆ ಏಳು ದಾಟಿರೋದು! ಏನ್ಮಾಡ್ತಾಳೆ ಹೇಳಿ? ಹಸ್ಕೊಂಡು ಹೋದ್ಲು, ಲ್ಯಾಬಲ್ಲಿ ತಲೆ ತಿರುಗಿ ಬಿದ್ಲು. ತಿನ್ಕೊಂಡು ಮುಂದಿನ ಬಸ್ಸಿಗೆ ಹೋದ್ಲು, ಮೊದಲ್ನೇ ಕ್ಲಾಸೇ ತಪ್ಪೋಯ್ತು. ಹಿಂಗೇ ಆಗಿ ಆಗಿ ಅಟೆಂಡೆನ್ಸು ತಳ ಸೇರ್ತು. ಇನ್ನು ತಪ್ಪಿಸಿದ್ರೆ ಪರೀಕ್ಷೆಗೆ ಕೂರ್ಸಲ್ಲ ಅಂದ್ಬಿಟ್ರು ಕಾಲೇಜಲ್ಲಿ.

ಸುದ್ದಿ ಕೇಳಿ ರಾಚಯ್ಯ ಬಂದೇಬಿಟ್ಟ. "ಪರೀಕ್ಷೆನೇ ಇಲ್ಲ ಅಂದ್ಮೇಲೆ ಇಲ್ಲೇನವ್ವ ಮಾಡೀಯೆ? ಗೂಡಲ್ಲಿ ಆಳು ಸಾಲ್ತಿಲ್ಲ. ಟ್ರಂಕು ಎತ್ಕೊ."

ನಂಜಮಣಿ ಸೀದಾ ಅಡುಗೆಮನೆ ಬಾಗ್ಲಿಗೆ ಹೋಗಿ ನಿಂತ್ಲು. ಗುರುಪಾದಪ್ಪನವ್ರನ್ನ ಮಕ್ಕಳೆಲ್ಲ ಅಪ್ಪಾಜಿ ಅಂತ್ಲೇ ಕರೆಯೋದು. "ಅಪ್ಪಾಜಿ, ಬೆಳಿಗ್ಗೆ ಒಂದಿಡಿ ಅವಲಕ್ಕಿ ಕೊಟ್ರೂ ಸಾಕು ನಂಗೆ, ಬಸ್ಸು ಹಿಡೀತೀನಿ."

"ಎಡೆಗೆ ಮುಂಚೆನಾ?" ಗುರುಪಾದಪ್ಪನವ್ರಿಗೆ ಸಿಟ್ಟೇ ಬಂತು. "ನಿನ್ ಕಾಲೇಜಿಗೋಸ್ಕರ ಸೂರ್ಯನ್ನ ಬೇಗ ಹುಟ್ಟಪ್ಪ ಅಂತ ಎಬ್ಬಿಸ್ಲಾ?"

ಬುದ್ಧಿಯೋರು ಜಗಲಿ ಮೇಲಿಂದ ಎಲ್ಲಾ ಕೇಳಿಸ್ಕೊಂಡ್ರು. ಬಯ್ಲಿಲ್ಲ, ಉಪದೇಶ ಗಿಪದೇಶ ಏನಿಲ್ಲ. "ರಾಚಯ್ಯ, ನಾಡಿದ್ದು ಬಾರಪ್ಪ" ಅಂದ್ರು. ಆಮೇಲೆ, "ಗುರುಪಾದಪ್ಪ, ನಾಳೆ ಆರೂವರೆ ಬಸ್ಸಿಗೆ ನಾವಿಬ್ರೂ ಈ ಮಗು ಜೊತೆ ಹೋಗ್ಬರೋಣ."

"ಪೂಜೆ, ಬುದ್ಧಿ?"

"ಬಂದ್ಮೇಲೆ."

ಗುರುಪಾದಪ್ಪನವ್ರ ತಾತನ ಕಾಲದಿಂದ ಒಂದಿನಾನೂ ಹೊತ್ತು ಮೀರದ ಪೂಜೆ! ಆದ್ರೆ ಬುದ್ಧಿಯೋರ ಮಾತು, ಮೀರೋ ಹಂಗಿಲ್ಲ. ಹೋದ್ರು. ಬಸ್ಸಲ್ಲಿ ಒಂಟಿಕಾಲಲ್ಲಿ ನಿಂತ್ಕೊಂಡೇ ಹೋದ್ರು. ಕಾಲೇಜಲ್ಲಿ ಇಬ್ರೂ ಕ್ಲಾಸಿನ ಹೊರಗೆ ವರಾಂಡದಲ್ಲಿ ಕೂತ್ರು. ಎಡೆ ಆಗಿಲ್ಲ, ಹಂಗಾಗಿ ಒಂದು ತೊಟ್ಟು ಕಾಫೀನೂ ಇಲ್ಲ. ಮೊದಮೊದ್ಲು ಚೆನ್ನಾಗೇ ಇದ್ರು. ಬಿಸಿಲೇರ್ತಾ ಏರ್ತಾ ಕ್ಯಾಂಟೀನ್ ಕಡೆಯಿಂದ ಬೋಂಡದ ವಾಸ್ನೆ ಬಂತು ನೋಡಿ, ಹೊಟ್ಟೆ ತಾಳ ಹಾಕೋಕೆ ಶುರು! ಕಿಟಕಿಯಿಂದ ಬೋರ್ಡ್ ನೋಡಿದ್ರೆ ಅಕ್ಷರ ಎಲ್ಲಾ ಇರುವೆ ಥರ ಹರೀತಿವೆ. ಬೋರ್ಡಿನ ಮುಂದೆ ನಂಜಮಣಿ ಕೂತವಳೆ, ಬಾಟ್ಲಿ ಎತ್ತಿ ಎತ್ತಿ ನೀರು ಕುಡೀತಾಳೆ, ಬರೀತಾಳೆ, ಮತ್ತೆ ಕುಡೀತಾಳೆ.

"ಬುದ್ಧಿ, ಹೋಗೋಣ್ವಾ? ನಂಗೆ ಕಣ್ಣು ಕತ್ತಲೆ ಬರ್ತಾ ಅದೆ."

"ಪಾಠ ಮುಗ್ದಿಲ್ವಲ್ಲಪ್ಪ" ಅಂದ್ರು ಬುದ್ಧಿಯೋರು.

ಗುರುಪಾದಪ್ಪನವ್ರು ಮತ್ತೆ ಕಿಟಕಿ ಕಡೆ ತಿರುಗಿದ್ರು. ದಿನಾ ಮುಂಜಾನೆ ಈ ಹುಡುಗಿ "ಹೋಗ್ಬರ್ತೀನಿ ಅಪ್ಪಾಜಿ" ಅಂತ ನಗ್ತಾ ಹೋಗ್ತಿದ್ಲು. ಆ ನಗು ಹೊಟ್ಟೆಗೇನೂ ಇಲ್ದೇ ನಕ್ಕಿದ್ದು ಅಂತ ಅವತ್ತು ಗೊತ್ತಾಯ್ತು ಅವ್ರಿಗೆ.

ಮಠಕ್ಕೆ ಬಂದಾಗ ಮಧ್ಯಾಹ್ನ ಆಗಿತ್ತು. ಗದ್ದುಗೆ ಮೇಲಿನ ಬಿಸಿಲು ಯಾವಾಗ್ಲೋ ಸರಿದೋಗಿತ್ತು. ಗುರುಪಾದಪ್ಪನವ್ರು ಹೆದರ್ಕೊಂಡೇ ಮಿಂದ್ರು, ಪೂಜೆ ಮಾಡಿದ್ರು, ಎಡೆ ಇಟ್ರು.

ಬುದ್ಧಿಯೋರು ಪಕ್ಕ ಬಂದು ನಿಂತು ಕೇಳಿದ್ರು, "ದೇವ್ರು ಏನಾದ್ರೂ ಅಂದ್ರಾ?"

"ಇಲ್ಲ ಬುದ್ಧಿ."

"ಅವ್ರಿಗೆ ಅಟೆಂಡೆನ್ಸ್ ಇಲ್ಲ ಕಣಪ್ಪ. ಕಾಯ್ತಾರೆ."

ಅಷ್ಟೇ ಅವ್ರು ಹೇಳಿದ್ದು!

ಮಾರನೇ ದಿನ ರಾಚಯ್ಯ ಟ್ರಂಕು ಹೊರೋಕೆ ಅಂತ ತಲೆಗೆ ಸಿಂಬಿ ಸುತ್ಕೊಂಡೇ ಬಂದ. ನೋಡ್ತಾನೆ, ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ, ಅಡುಗೆಮನೇಲಿ ಹೊಗೆ! ಮಕ್ಕಳೆಲ್ಲ ಸಾಲಾಗಿ ಕೂತವ್ರೆ, ಗುರುಪಾದಪ್ಪನವ್ರು ಬಿಸಿ ರೊಟ್ಟಿ ಎಸೀತಾ ಕೂಗ್ತಾವ್ರೆ, "ನಂಜಮಣಿ, ಏಳ್ಬೇಡ! ಬಸ್ಸಿನ್ನೂ ಕೆರೆ ಏರಿ ಮೇಲದೆ, ಇನ್ನೊಂದು ತಿನ್ನು!" ರಾಚಯ್ಯ ಸಿಂಬಿ ಬಿಚ್ಚಿ ಹೆಗಲ ಮೇಲೆ ಹಾಕ್ಕೊಂಡು ಒಬ್ನೇ ಗೂಡಿಗೆ ವಾಪಸ್ ಹೋದ. ಅಲ್ಲಿಂದಾಚೆ ಅವಳು ಒಂದಿನಾನೂ ತಪ್ಪಿಸ್ಲಿಲ್ಲ, ಪರೀಕ್ಷೆಗೆ ಕೂತ್ಲು, ಪಾಸಾದ್ಲು.

ಎಷ್ಟೋ ವರ್ಷ ಆದ್ಮೇಲೆ, ಬುದ್ಧಿಯೋರು ಲಿಂಗೈಕ್ಯರಾಗಿ ಹಿರಿಯ ಗುರುಗಳ ಪಕ್ಕದಲ್ಲೇ ಅವ್ರ ಗದ್ದುಗೆನೂ ಆಗಿತ್ತು, ಒಂದು ಬೆಳಿಗ್ಗೆ ನಂಜಮಣಿ ಬಂದ್ಲು. ದೊಡ್ಡಾಸ್ಪತ್ರೇಲಿ ರಕ್ತ ಪರೀಕ್ಷೆ ಮಾಡೋ ಕೆಲ್ಸ. ಜೊತೇಲಿ ರಾಚಯ್ಯ, ಗೂಡು ಬಿಟ್ಟು ಎಷ್ಟೋ ಕಾಲ ಆಗಿತ್ತು, ಕಾಲಲ್ಲಿ ಮಣ್ಣಿಲ್ಲ, ಹೊಸಾ ಚಪ್ಲಿ. ಗದ್ದುಗೆ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಲು.

ಗುರುಪಾದಪ್ಪನವ್ರು ಬೆನ್ನು ಬಾಗಿದ್ರೂ ತಟ್ಟೆ ಹಿಡ್ಕೊಂಡು ಬಂದೇಬಿಟ್ರು.

"ಎಡೆ ಆಗ್ಲಿ ಅಪ್ಪಾಜಿ" ಅಂದ್ಲು ಅವಳು. "ಈಗ ನಂಗೇನು ಬಸ್ಸಿನ ಅವಸರ ಇಲ್ಲ."

ಅವ್ರು ಕೇಳ್ಲೇ ಇಲ್ಲ. ತಟ್ಟೆ ಅವಳ ಮುಂದೆ ಇಟ್ರು, ರೊಟ್ಟಿ ಮುರಿದು ಕೈಗೆ ಕೊಟ್ರು, ಬುದ್ಧಿಯೋರ ಗದ್ದುಗೆ ಕಡೆ ತಿರುಗಿ ಕೈ ಮುಗಿದ್ರು.

"ಒಂದ್ನಿಮಿಷ ತಡೀರಿ ಬುದ್ಧಿ, ಮಗು ತಿಂದ್ಕೊಳ್ಳಿ."