ಡಿಶ್ ಒಪ್ಪಿದ ಗಂಡು

ಹೆಣ್ಣುಮಕ್ಕಳ ಹಾಸ್ಟೆಲಿನ ಟಿವಿ ಕೆಟ್ಟಿತು. ಚಾವಣಿಯ ಡಿಶ್ಶಿನಲ್ಲಿ ಪುಕ್ಕಟೆ ಬರುತ್ತಿದ್ದ ಪಾಠಗಳೂ ನಿಂತವು. ಪರೀಕ್ಷೆ ಹತ್ತಿರ. ಸೆಟ್‌ಟಾಪ್ ಬಾಕ್ಸಂತೂ ಪದೇ ಪದೇ ಸುಟ್ಟುಹೋಗುತ್ತಿತ್ತು. ಬಾಕ್ಸಿಲ್ಲದೆ ಡಿಶ್ ಹಿಡಿಯುವ ಟಿವಿ ಆರಿಸಿ ಬಾ ಎಂದು ವಾರ್ಡನ್ ಅಡುಗೆಯಾಕೆಯನ್ನು ಕಳಿಸಿದರು.

ಅಂಗಡಿಯ ಧರಣೇಂದ್ರಪ್ಪನವರು ಐವತ್ತೈದು ಇಂಚಿನದನ್ನು ತಟ್ಟಿ ತೋರಿಸಿದರು. "ಇದರಲ್ಲಿ ಬರದೇ ಇರೋದೇ ಇಲ್ಲ. ಸಾರು ಕುದಿಸೋಳಿಗೆ ಇದೆಲ್ಲ ಏನು ಗೊತ್ತು? ಸುಮ್ನೆ ತಗೊಂಡು ಹೋಗು!"

ಆಕೆಗೆ ಚುರುಕ್ಕೆಂದಿತು. ಆದರೂ ಮೆಲ್ಲಗೇ ಅಂದಳು: "ಹೆಣ್ಣು ನೋಡೋಕೆ ಗಂಡೇ ಬರಬೇಕಲ್ವಾ ಸಾಹುಕಾರ್ರೆ? ನಮ್ಮ ಹುಡುಗಿ ಚಾವಣಿ ಮೇಲೆ ಕೂತವಳೆ. ನಾಲ್ಕು ಗಂಡು ಕರ್ಕೊಂಡು ಬನ್ನಿ. ಅವಳು ಒಪ್ಪಿದೋನೇ ಅಳಿಯ."

ಮಾರುವ ಹುರುಪಿನಲ್ಲಿ ಸಾಹುಕಾರರು ನಾಲ್ಕು ಟಿವಿ ಹೊರಿಸಿಕೊಂಡು ಬಂದರು. ಡಿಶ್ಶಿನ ವಯರು ಸಿಕ್ಕಿಸಿದರೆ ಐವತ್ತೈದು ಇಂಚಿನದು ಬರೀ ನೀಲಿ. ಇನ್ನೆರಡೂ ಹಾಗೇ. ಕಡೆಯ ಪುಟ್ಟ ಟಿವಿಯಲ್ಲಿ ಮಾತ್ರ ಗಣಿತದ ಮೇಷ್ಟ್ರು ಪ್ರತ್ಯಕ್ಷರಾದರು! ಹುಡುಗಿಯರು ಕೇಕೆ ಹಾಕಿದರು.

ಸಾಹುಕಾರರ ಮುಖ ಸಣ್ಣದಾಯಿತು. "ಅಲ್ಲಮ್ಮಾ, ಅಂಥಾ ಎತ್ತರದ ಗಂಡು ಬಿಟ್ಟು ಈ ಕುಳ್ಳನಲ್ಲಿ ಏನು ಕಂಡಳು?"

"ಅವರೆಲ್ಲ ಜೊತೆಗೆ ಬಾಕ್ಸೂ ಕೊಡಿ ಅಂತಾರೆ," ಅಂದಳು ಆಕೆ. "ಇವನೊಬ್ಬನೇ ನೋಡಿ, ವರದಕ್ಷಿಣೆ ಕೇಳಲಿಲ್ಲ."